ಒಗ್ಗರಣೆ ಹಾಕುವ ಹೊತ್ತು

ಕಾಡುಗೋಡಿಯಲ್ಲಿ ಅಶ್ವತ್ಥಮ್ಮನವರ ಲೇಡೀಸ್ ಪಿ.ಜಿ.ಯ ಅಡುಗೆಗೆ ಶಿವಗಂಗಾ ಸೇರಿ ಆರು ವರ್ಷವಾಗಿತ್ತು. ಮೊದಲ ದಿನ ಒಗ್ಗರಣೆ ಹಾಕು ಎಂದಾಗ, ಕೊಟ್ಟೂರಿನವಳಾದ ಅವಳು ಮಂಡಕ್ಕಿಗಾಗಿ ಡಬ್ಬಿಗಳನ್ನೆಲ್ಲ ತಡಕಾಡಿದ್ದಳು. ಅವಳೂರಲ್ಲಿ ಒಗ್ಗರಣೆಯೆಂದರೆ ನೆನೆಸಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಬಾಡಿಸಿದ ತಿಂಡಿ. ಪಕ್ಕಕ್ಕೊಂದು ಮಿರ್ಚಿ ಬಜ್ಜಿ ಇದ್ದರೆ ಮತ್ತೇನೂ ಬೇಡ. ಇಲ್ಲಿ ಸಾರಿನ ಮೇಲೆ ಸುರಿಯುವ ನಾಲ್ಕು ಕಾಳು ಸಾಸಿವೆ. ಅಷ್ಟು ದೊಡ್ಡ ಹೆಸರು ಇಷ್ಟು ಸಣ್ಣದಾಯಿತಲ್ಲ ಎಂದು ಅವಳಿಗೆ ಇಂದಿಗೂ ಬೇಸರ.

ಮೂರನೇ ಮಹಡಿಯ ಆಶಾರಾಣಿ ಓದಿಕೊಂಡ ಹುಡುಗಿ. ಒಗ್ಗರಣೆ ಸಂಸ್ಕೃತದ ವ್ಯಾಘಾರಣದಿಂದ ಬಂದದ್ದಂತೆ, ಯಜ್ಞದಲ್ಲಿ ತುಪ್ಪ ಚಿಮುಕಿಸುವುದಂತೆ ಎಂದು ಒಮ್ಮೆ ತಟ್ಟೆ ಹಿಡಿದು ಹೇಳಿದ್ದಳು. "ಹಂಗಾರ ನಾ ದಿನಾ ಎರಡು ಹೊತ್ತು ಯಜ್ಞ ಮಾಡಾಕತ್ತೀನಲ್ರೀ," ಎಂದು ಶಿವಗಂಗಾ ನಕ್ಕಿದ್ದಳು. ಯಜ್ಞದವರಾದರೂ ಮುಗಿದ ಮೇಲೆ ಎದ್ದು ಹೋಗುತ್ತಿದ್ದರು.

ಅಶ್ವತ್ಥಮ್ಮನವರ ಕಟ್ಟಳೆ ಒಂದೇ: ಮೊದಲ ತಟ್ಟೆ ಬಡಿಸುವ ಹೊತ್ತಿಗೇ ಒಗ್ಗರಣೆ ಬೀಳಬೇಕು. ಘಮ ಮಹಡಿ ಹತ್ತಿದರೆ ಹುಡುಗಿಯರು ತಾವಾಗಿ ಇಳಿಯುತ್ತಾರೆ. ಹಾಗಾಗಿ ಬೆಳಗಿನ ಎಂಟಕ್ಕೂ ಸಂಜೆಯ ಎಂಟಕ್ಕೂ ಅವಳು ಒಲೆ ಬಿಟ್ಟು ಕದಲುವಂತಿಲ್ಲ. ನಡುವೆ ಹೆಚ್ಚುವುದು, ತೊಳೆಯುವುದು. ಮಲಗುವುದೂ ಅಡುಗೆಮನೆಯ ಹಿಂದಿನ ಕೋಣೆಯಲ್ಲೇ.

ಒಂದು ಮಧ್ಯಾಹ್ನ ಚನ್ನಕ್ಕ ಫೋನ್ ಮಾಡಿದಳು. ಮೆಟ್ರೊ ಮೆಟ್ಟಿಲ ಬಳಿ ಮಂಡಕ್ಕಿ ಒಗ್ಗರಣೆ ಮಾರುತ್ತಿದ್ದ, ಶಿವಗಂಗಾಳ ಊರಿನವಳೇ. ಮಗಳ ಬಾಣಂತನಕ್ಕೆ ಹೊರಟಿದ್ದಳು, ಮತ್ತೆ ಬರುವವಳಲ್ಲ. "ಏಳರೊಳಗ ಬಾ, ಗಾಡಿ ನಿನ್ನ ಕೈಗೆ ಕೊಟ್ಟು ರೈಲು ಹತ್ತತೀನಿ. ಇಲ್ಲಂದ್ರ ಆ ಜಾಗಕ್ಕ ಎಳನೀರು ಪಾಪಯ್ಯ ಕಾಯ್ಕೊಂಡು ನಿಂತಾನ."

ಆರಕ್ಕೇ ಒಗ್ಗರಣೆ ಸುರಿದು, ಘಮ ಹೋಗದಂತೆ ಮುಚ್ಚಳ ಬಿಗಿದು, ಸೀರೆ ಬದಲಿಸಿ ಶಿವಗಂಗಾ ಬಾಗಿಲಿಗೆ ಬಂದಳು. ಬಾಗಿಲು ಹೆಬ್ಬೆಟ್ಟಿನ ಮಿಷನ್ನಿನದು, ಒಳಗಿನಿಂದಲೂ ಬೆರಳು ಒತ್ತಿದರಷ್ಟೇ ತೆರೆಯುವುದು. ಎಣ್ಣೆ ಸಿಡಿದು, ಪಾತ್ರೆ ಉಜ್ಜಿ ಅವಳ ಬೆರಳಲ್ಲಿ ಗೆರೆಯೇ ಉಳಿದಿರಲಿಲ್ಲ. ಯಾವಾಗಲೂ ಬೇರೆಯವರ ಬೆನ್ನಿಗೇ ಹೊರಹೋಗುತ್ತಿದ್ದಳು. ಈಗ ಅಲ್ಲಿ ಯಾರೂ ಇರಲಿಲ್ಲ. ಮಿಷನ್ನಿನಲ್ಲಿ ಕೆಂಪು ದೀಪ ಹತ್ತಿತು. ಬೆರಳನ್ನು ಸೆರಗಿಗೆ ಒರೆಸಿದಳು, ಊದಿದಳು, ಎಡಗೈ ಒತ್ತಿದಳು. ಮತ್ತೆ ಕೆಂಪು. ಅವಳಿಗೆ ಅಳು ಬಂತು.

ರಾತ್ರಿ ಪಾಳಿ ಮುಗಿಸಿ ಮಲಗಿದ ಹುಡುಗಿಯರು ಒಬ್ಬರಾದರೂ ಮೇಲಿರಬೇಕು. ಅವರ ಕದ ತಟ್ಟುವಂತಿಲ್ಲ. ಆದರೆ ಜನರನ್ನು ಕೆಳಗಿಳಿಸುವ ವಿದ್ಯೆ ಅವಳ ಕೈಯಲ್ಲೇ ಇತ್ತಲ್ಲ. ಓಡಿಹೋಗಿ ಎಣ್ಣೆ ಕಾಯಿಸಿ, ಇಂಗು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಮನೆಯೆಲ್ಲ ಘಮ್ಮೆನ್ನಿಸಿದಳು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಇಳಿದು ಬಂದದ್ದು ಅಶ್ವತ್ಥಮ್ಮ.

"ಇಷ್ಟ್ ಬೇಗ ಒಗ್ಗರಣೆ ಆಕ್ಬುಟ್ಯಾ? ಎಲ್ಲಿಗ್ ಒಂಟಿದ್ದೆ?"

ಶಿವಗಂಗಾ ಇದ್ದದ್ದನ್ನು ಇದ್ದಂತೆ ಹೇಳಿ, ಬಾಗಿಲು ತೆಗೆಯಿರಿ ಎಂದು ಬೇಡಿದಳು. ಅಶ್ವತ್ಥಮ್ಮ ಬೈಯಲಿಲ್ಲ. ಬೈದಿದ್ದರೆ ಅವಳೂ ಎದುರುತ್ತರ ಕೊಡುತ್ತಿದ್ದಳೇನೋ. ಭುಜ ತಟ್ಟಿ, "ಉಡುಗೀರ್ ಉಂಡಾದ್ಮೇಲ್ ಓಗುವಂತೆ ಕಣವ್ವ. ಎಂಟಕ್ಕೆ ಇನ್ನೊಂದ್ ಕಿತ ಆಕು," ಎಂದು ಹತ್ತಿ ಹೋದರು.

ಏಳಕ್ಕೆ ಐದು ನಿಮಿಷವಿದ್ದಾಗ ಫೋನ್ ಬಡಿದುಕೊಂಡಿತು. ಚನ್ನಕ್ಕನದೆಂದು ಗೊತ್ತಿದ್ದೂ ಅವಳು ಎತ್ತಲಿಲ್ಲ. ಏಳೂವರೆಯಿಂದ ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ಹೆಬ್ಬೆಟ್ಟು ಒತ್ತಿದಂತೆಲ್ಲ ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಎಂಟಾಯಿತು. ಶಿವಗಂಗಾ ಸಾಸಿವೆ ಸಿಡಿಸಿದಳು.