ಲಗ್ಗೆರೆಯ ಟೆರೇಸಿನಲ್ಲಿ ತುಡುವೆ ಜೇನು

ಆ ಮಧ್ಯಾಹ್ನ ಟೆರೇಸಿನ ಬಾಗಿಲು ಹಾಕಿದ್ದು ಗಾಳಿಯೋ ನಾನೋ, ನನಗೆ ಖಚಿತವಿಲ್ಲ. ನೆನಪಿರುವುದು ಇಷ್ಟು: ನಾನು ಒಳಗೆ ಮೆಟ್ಟಿಲ ಮೇಲಿದ್ದೆ, ಜೇನುಹುಳಗಳು ಹೊರಗಿದ್ದವು, ಅವುಗಳ ನಡುವೆ ನಿಂತು ಓನರ್ ಅಕ್ಕ ಬಾಗಿಲು ಬಡಿಯುತ್ತಿದ್ದರು.

ಇಲ್ಲಿ ಮನೆಯ ಮಾಲೀಕರನ್ನು ‘ಓನರ್’ ಎನ್ನುತ್ತಾರೆ. ಕಲಬುರಗಿಯಿಂದ ಲಗ್ಗೆರೆಗೆ ಬಂದ ನನ್ನನ್ನು ಮೊದಲು ‘ಊಟ ಆಯ್ತಾ’ ಎಂದು ಕೇಳಿದವರು ಈ ಅಕ್ಕ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಅವರ ಕಟ್ಟಡ ಎದ್ದಿದೆ. ನಮ್ಮ ಕಡೆ ಮಾಳಿಗೆಯೆಂದರೆ ಬೇಸಗೆಯಲ್ಲಿ ಮನೆಮಂದಿಯೆಲ್ಲ ಮಾತಾಡುತ್ತ ಮಲಗುವ ಜಾಗ. ಇಲ್ಲಿಯ ಟೆರೇಸಿನಲ್ಲಿ ನೀರಿನ ಟ್ಯಾಂಕು, ಬಟ್ಟೆಯ ತಂತಿ, ಸುತ್ತಲಿನ ಕಾರ್ಖಾನೆಗಳ ಸದ್ದು. ಬೇಸರ ಕಳೆಯಲು ಭಾನುವಾರಗಳಲ್ಲಿ ಜೇನು ಸಾಕಣೆಯ ತರಬೇತಿಗೆ ಹೋದೆ. ತುಡುವೆಯ ಪೆಟ್ಟಿಗೆಯೊಂದನ್ನು ತಂದೆ. ತುಡುವೆ ಎಂದರೆ ಪೆಟ್ಟಿಗೆಯಲ್ಲಿ ಸಾಕಬಹುದಾದ ಸಣ್ಣ ಜೇನು. ಪಕ್ಕದ ಮನೆಯವರು ತಕರಾರು ತೆಗೆದಾಗ ಅಕ್ಕನೇ ನನ್ನ ಪರ ನಿಂತರು: “ಓದಿರೋ ಹುಡ್ಗ ಕಣ್ರೀ, ತಿಳ್ಕೊಂಡೇ ಮಾಡ್ತಾನೆ.”

ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿಟ್ಟು ಇರುವೆ ತಡೆದೆ. ಅಷ್ಟು ಸರಿಯಾಯಿತು. ಆದರೆ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ಮಾತ್ರ ತೆರೆಯಬೇಕೆಂಬ ಮಾತನ್ನು ಪಾಲಿಸಲಾಗಲಿಲ್ಲ. ನಾನು ಓದಿದ್ದು ಭೌತಶಾಸ್ತ್ರ, ಪೀಣ್ಯದಲ್ಲಿ ಮಾಡುವುದು ಬಿಡಿಭಾಗಗಳ ಅಳತೆ ಪರೀಕ್ಷಿಸುವ ಕೆಲಸ. ನಿನ್ನೆ ಕಂಡ ರಾಣಿ ಇವತ್ತೂ ಇದ್ದಾಳೆಂದು ಹೇಗೆ ನಂಬುವುದು?

“ಮತ್ತೆ ತೆಗೀತೀಯೇನೋ?” ಬಟ್ಟೆ ಹರವುತ್ತಿದ್ದ ಅಕ್ಕ ಕೇಳಿದರು.

“ರಾಣಿ ಅದಾಳೋ ಇಲ್ಲೋ ನೋಡ್ತೀನ್ರೀ ಅಕ್ಕಾರ.”

“ಇಂಗೆ ದಿನಾ ಬಾಗ್ಲು ತೆಗೆದು ಇಣುಕಿದ್ರೆ ಯಾರಪ್ಪಾ ಬಾಡಿಗೆಗಿರ್ತಾರೆ? ನಿನ್ ರೂಮ್ನ ನಾನೇ ಅಷ್ಟು ನೋಡಲ್ಲ!”

ನಗುತ್ತಲೇ ಎರಿಯ, ಅಂದರೆ ಹುಳಗಳು ಕಟ್ಟಿದ ಮೇಣದ ಹಲ್ಲೆಯ, ಚೌಕಟ್ಟನ್ನು ಎತ್ತಿದೆ. ಹೊಸ ಎರಿಯನ್ನು ನೆಟ್ಟಗೇ ಹಿಡಿಯಬೇಕು. ರಾಣಿಯನ್ನು ಹುಡುಕುವ ಆತುರದಲ್ಲಿ ಅದನ್ನು ತಟ್ಟೆಯಂತೆ ಅಡ್ಡ ಹಿಡಿದೆ. ಬಿಸಿಲಿಗೆ ಮೆತ್ತಗಾಗಿದ್ದ ಮೇಣ ಜೇನಿನ ಭಾರಕ್ಕೆ ಕಳಚಿ ಬಿತ್ತು. ಹುಳಗಳು ಒಮ್ಮೆಲೇ ಎದ್ದವು. ಮುಖಕ್ಕೆ ಬಲೆ ಇದ್ದದ್ದು ನನಗೆ, ಅಕ್ಕನಿಗಲ್ಲ. ಓಡಿದವನೂ ನಾನೇ.

ಬಾಗಿಲು ತೆರೆಯುವಷ್ಟರಲ್ಲಿ ಅಕ್ಕನ ಕತ್ತು, ಕೈ ಊದಿಕೊಂಡಿದ್ದವು. “ಗಾಳಿಗೆ ಬಾಗ್ಲು ಹಾಕ್ಕಂತು, ನೀನೇನ್ ಮಾಡ್ತೀಯ ಬಿಡು” ಎಂದರು. ಸಂಜೆ ಅದೇ ಕೈಯಲ್ಲಿ ಮುದ್ದೆ, ಬಸ್ಸಾರು ತಂದುಕೊಟ್ಟರು. ರೊಟ್ಟಿ ತಿಂದು ಬೆಳೆದ ನಾನು ಮುದ್ದೆ ನುಂಗುವುದನ್ನು ಅವರಿಂದಲೇ ಕಲಿತಿದ್ದೆ. ಅಂದು ತಟ್ಟೆಯನ್ನು ಹಾಗೇ ಮುಚ್ಚಿಟ್ಟೆ.

ಪದೇ ಪದೇ ಕಾಡಿದರೆ ತುಡುವೆ ಗೂಡು ಬಿಟ್ಟು ಹೋಗುತ್ತದೆ, ಹಾಗೆಯೇ ಹೋಯಿತು. ನಾನೂ ರೂಮು ಖಾಲಿ ಮಾಡುತ್ತೇನೆಂದೆ. ಅಕ್ಕ ಒಪ್ಪಲಿಲ್ಲ. ಈಗ ಊರಿಗೆ ಹೋದರೆ ‘ಬೆಂಗ್ಳೂರಾಂವ ಬಂದ’ ಎನ್ನುತ್ತಾರೆ. ಇಲ್ಲಿ ಅಕ್ಕ ಎಲ್ಲರೆದುರು ‘ನಮ್ ಹುಡ್ಗ’ ಎನ್ನುತ್ತಾರೆ. ಮೊದಲನೆಯದಕ್ಕೆ ಬೇಸರವಾಗುತ್ತದೆ. ಎರಡನೆಯದಕ್ಕೆ ತಲೆ ತಗ್ಗಿಸುತ್ತೇನೆ.

ಗಾಳಿ ಜೋರಾಗಿದ್ದ ಒಂದು ದಿನ ಆ ಬಾಗಿಲನ್ನು ಪರೀಕ್ಷಿಸಿದೆ. ಗಾಳಿಗೆ ಅದು ಮುಚ್ಚಿಕೊಳ್ಳುವುದು ನಿಜ. ಆದರೆ ಒಳಗಿನ ಚಿಲಕ ಹಾಕದಿದ್ದರೆ, ಹೊರಗಿನಿಂದ ಒಂದು ಬೆರಳಿಗೆ ತೆರೆದುಕೊಳ್ಳುತ್ತದೆ.