ಸಸಿಗಳ ನೆರಳು ಕಿತ್ತವರಿಗೆ

ಗೆಳೆಯರೇ, ಇವತ್ತು ಮುಂಜಾನೆ ನಮ್ಮೂರ ತೋಪಿನ ಸಸಿಗಳ ನೆರಳನ್ನು ಕಿತ್ತೊಯ್ದಿದ್ದಾರೆ. ತಮಾಷೆಯಲ್ಲ. ಚಿತ್ತಾಪುರದ ಬಿಸಿಲನ್ನು ಎಳೆಯ ಬೇವು, ಹೊಂಗೆ ತಡೆಯಲಾರವೆಂದು ಓಣಿಯವರೆಲ್ಲ ಸೇರಿ ಪ್ರತಿ ಸಸಿಯ ಪಡುವಣಕ್ಕೆ ಒಂದು ಚಪ್ಪಟೆ ಫರಸಿ ಕಲ್ಲು ನಿಲ್ಲಿಸಿದ್ದೆವು. ಮಧ್ಯಾಹ್ನ ಆ ಕಲ್ಲಿನ ನೆರಳು ಹೊದಿಕೆಯಂತೆ ಮೆಲ್ಲಗೆ ಸಸಿಯ ಮೇಲೆ ಸರಿದು ಬರುತ್ತಿತ್ತು. ನೋಡುತ್ತ ಕೂತರೆ ನನ್ನ ಬಾಲ್ಯದಲ್ಲಿ ಇಲ್ಲಿದ್ದ ಹುಣಸೆಮರಗಳೇ ಮರಳಿ ಬಂದು ನಿಂತಂತೆ ಅನಿಸಿ, ಜೋಂಪು ಹತ್ತುತ್ತಿತ್ತು.

ನಾಳೆ ಅಲ್ಲೇ ಪರಿಸರ ಸಮಾರಂಭ. ಅದರ ಉಸ್ತುವಾರಿ ಹೊತ್ತ ಯುವಕ ಕಲ್ಲುಗಳನ್ನೆಲ್ಲ ಟ್ರ್ಯಾಕ್ಟರಿಗೆ ಹೇರಿಸುತ್ತಿದ್ದ. ಯಾಕೆಂದು ಕೇಳಿದೆ.

“ರಸ್ತಾದಿಂದ ನೋಡಿದ್ರ ಗೋರಿ ಸಾಲು ಇದ್ದಂಗ ಕಾಣ್ತದ್ರೀ ಸರ್. ಅತಿಥಿಗಳು ಏನಂದಾರು?”

ದಿನಾ ನಮ್ಮ ಜೊತೆ ನೀರು ಹಾಕುವ ಪಕ್ಕದ ಮನೆಯ ಶಿವಲೀಲಕ್ಕ ಕೊಡ ಇಳಿಸಿದರು. “ತಮ್ಮಾ, ಇಷ್ಟು ದಿನ ಅವು ತೊಟ್ಟಿಲ ಇದ್ದಂಗ ಇದ್ದವು. ನೀ ಕಲ್ಲು ಒಯ್ದಿ ನೋಡು, ಈಗ ಆಗ್ತಾವ ಗೋರಿ.”

“ಒಂದೇ ದಿನ ಅಕ್ಕಾ, ಅಡ್ಜಸ್ಟ್ ಮಾಡ್ಕೋರಿ.”

“ನಾವು ಮಾಡ್ಕೋತೀವಪಾ. ಬಿಸಿಲಿಗಿ ಒಂದು ಮಾತು ಕೇಳಿ ಬಾ.”

ಟ್ರ್ಯಾಕ್ಟರ್ ಹೋಗಿಬಿಟ್ಟಿತು. ಈಗ ಓಣಿಯವರೆಲ್ಲ ಮನೆಯ ಕೊಡೆ ತಂದು ಸಸಿಗಳ ಮೇಲೆ ಹಿಡಿದು ಕೂತಿದ್ದೇವೆ. ದೂರದಿಂದ ನೋಡಿದವರಿಗೆ ಬಣ್ಣಬಣ್ಣದ ತೋಪೊಂದು ಒಂದೇ ದಿನದಲ್ಲಿ ಬೆಳೆದಂತೆ ಕಂಡೀತು. ನನ್ನ ಕೊಡೆಯಡಿಯ ಹೊಂಗೆ ಮಾತ್ರ ಎಲೆ ಜೋಲುಬಿಟ್ಟಿದೆ.

ಸಮಾರಂಭದವರು ನಾಳೆ ಮೈಕಿನಲ್ಲಿ ಮರದ ಮಹಿಮೆ ಹೇಳುವ ಮೊದಲು, ಅದೇ ಮೈಕಿನಲ್ಲಿ ಊರಿಗೆ ಉತ್ತರ ಹೇಳಲಿ: ನಮ್ಮ ಕಲ್ಲುಗಳು ಎಲ್ಲಿವೆ, ಮತ್ತೆ ಯಾವಾಗ ನಿಲ್ಲಿಸುತ್ತೀರಿ?