ಸರ್ವರಮ್ಮ ಕಳೆದುಕೊಂಡ ನೆಪ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಸರ್ವರಮ್ಮ ಎಂದೇ. ರೋಗಿಗಳ ದಾಖಲೆಯೆಲ್ಲ ತುಂಬಿಕೊಂಡಿದ್ದ ನಾಲ್ಕು ಸರ್ವರುಗಳು ಹನ್ನೊಂದು ವರ್ಷದಿಂದ ಅವಳ ಸುಪರ್ದಿಯಲ್ಲಿದ್ದವು. ಮದುವೆಯಾದ ಹೊಸತರಲ್ಲಿ, "ಸರ್ವರ್ ಬಿದ್ದೋಗಿದೆ" ಎಂದು ಅವಳು ಫೋನಿನಲ್ಲಿ ಹೇಳಿದ್ದು ಕೇಳಿ ಅತ್ತೆ, "ಅಯ್ಯೋ ಪಾಪ, ಯಾವ ಹೋಟ್ಲಲ್ಲಿ? ಕೈಯಲ್ಲಿ ತಟ್ಟೆ ಇತ್ತಾ?" ಎಂದು ಮರುಗಿದ್ದರು.

ನಾಲ್ಕರಲ್ಲಿ ಮೂರು ಸಾಧು ಪ್ರಾಣಿಗಳು. ನಾಲ್ಕನೆಯದು ಮಾತ್ರ ಹಟಮಾರಿ. ಇದ್ದಕ್ಕಿದ್ದಂತೆ ಮರಗಟ್ಟಿ ಕೂತುಬಿಡುತ್ತಿತ್ತು. ಯಾರಾದರೂ ಎದುರು ನಿಂತು ಗುಂಡಿ ಒತ್ತದ ಹೊರತು ಏಳುತ್ತಿರಲಿಲ್ಲ. ಒಮ್ಮೆ ಅವಳು ಹಲ್ಲಿನ ಡಾಕ್ಟರ ಕುರ್ಚಿಯಿಂದಲೇ ಎದ್ದು, ಅರ್ಧ ಬಾಯಿ ಜೋಮು ಹಿಡಿದಿರುವಾಗಲೇ ಓಡಿದ್ದಳು. ಕಾವಲುಗಾರನನ್ನು ಬೀಗದ ಕೈ ಕೇಳಿದರೆ, ಅವನು ಒಂದಕ್ಷರವೂ ತಿಳಿಯದೆ ನೀರು ತಂದುಕೊಟ್ಟಿದ್ದ.

ಮೂರು ವರ್ಷ ಸೂಪರಿಂಟೆಂಡೆಂಟರ ಬೆನ್ನು ಬಿದ್ದ ಮೇಲೆ ಅವಳು ಕೇಳಿದ್ದು ಸಿಕ್ಕಿತು: ಸರ್ವರಿನ ಹೊಟ್ಟೆಯೊಳಗೆ ಕೂರಿಸುವ ಅಂಗೈಯಗಲದ ಒಂದು ಕಾರ್ಡು. ಅದಕ್ಕೆ ತನ್ನದೇ ತಂತಿ, ತನ್ನದೇ ಪುಟ್ಟ ತಲೆ. ಸರ್ವರ್ ಮೂರ್ಛೆ ಹೋದರೂ ಇದಕ್ಕೆ ಎಚ್ಚರ ತಪ್ಪದು. ಮನೆಯಲ್ಲೇ ಕೂತು ಅದರ ಮೂಲಕ ಸರ್ವರಿನ ಸ್ಥಿತಿ ನೋಡಬಹುದು, ಗುಂಡಿಯನ್ನೂ ಒತ್ತಬಹುದು.

ಮುಂದಿನ ಭಾನುವಾರ ಬೆಳಿಗ್ಗೆ ಅತ್ತೆಯ ತಲೆಗೆ ಬಣ್ಣ ಹಚ್ಚುತ್ತಿದ್ದಾಗಲೇ ದಾಖಲೆ ಕೋಣೆಯ ಗುಮಾಸ್ತನ ಫೋನ್ ಬಂತು: ನಾಲ್ಕನೆಯದು ಮತ್ತೆ ಮರಗಟ್ಟಿದೆ. ಒಂದು ಕೈಯಲ್ಲಿ ಬ್ರಷ್ಷು ಹಿಡಿದೇ ಅವಳು ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್ ತೆರೆದು ಒತ್ತಿದಳು. ಐದು ನಿಮಿಷಕ್ಕೆ ಸರ್ವರ್ ಎದ್ದು ಕೂತಿತು. ಗುಮಾಸ್ತ ಮತ್ತೆ ಫೋನ್ ಮಾಡಿದ.

"ಅಕ್ಕಾ, ಎಷ್ಟೊತ್ತಿಗೆ ಬರ್ತೀರಿ?"

"ಬಂದಿದ್ದೂ ಆಯ್ತು, ಹೋಗಿದ್ದೂ ಆಯ್ತು. ನಿನ್ ಕಂಪ್ಯೂಟರ್ ನೋಡಪ್ಪ."

ಅವಳ ಸಂಭ್ರಮ ಹೇಳತೀರದು. ಅತ್ತೆ ಎಲ್ಲವನ್ನೂ ಎವೆಯಿಕ್ಕದೆ ನೋಡುತ್ತಿದ್ದರು.

ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡೆ ಎಂದು ಅವಳಿಗೆ ತಿಳಿದದ್ದು ಹದಿನೈದು ದಿನದ ಮೇಲೆ, ಅತ್ತೆಯ ತಂಗಿ ಬಂದಾಗ. ಈ ಚಿಕ್ಕತ್ತೆ ತಮ್ಮ ಮಂಡಿಗಳ ಆಪರೇಷನ್ ಕಥೆ ಶುರುಮಾಡಿದರೆ ಊಟದ ಹೊತ್ತಾದರೂ ಎರಡನೇ ಮಂಡಿಗೆ ಬರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಇಷ್ಟು ವರ್ಷ ಅವರು ಬಂದಾಗಲೆಲ್ಲ ಆ ಹಟಮಾರಿ ಸರ್ವರ್ ತಪ್ಪದೆ ಕೆಡುತ್ತಿತ್ತು. ಅಂದೂ ಅವಳು ಫೋನ್ ನೋಡಿ ಹುಬ್ಬು ಗಂಟಿಕ್ಕಿದಳು.

"ಅತ್ತೆ, ಸರ್ವರ್ ಕೆಟ್ಟಿದೆಯಂತೆ. ಹೋಗ್ಬೇಕು."

"ಇಲ್ಲೇ ಒತ್ತು ಕಣೇ," ಎಂದು ಅತ್ತೆ ಲ್ಯಾಪ್‌ಟಾಪನ್ನು ಮಡಿಲಿಗೇ ತಂದಿಟ್ಟರು.

ಸುಮ್ಮನೆ ನಾಲ್ಕು ಅಕ್ಷರ ಕುಟ್ಟಿ ಅವಳು ಪೆಚ್ಚುಮೋರೆಯಲ್ಲಿ ಕೂತಳು. ಒಂದೂವರೆ ಗಂಟೆ ಕಳೆಯಿತು. ಕಥೆ ಇನ್ನೂ ಅರಿವಳಿಕೆಯ ಸೂಜಿಯಲ್ಲೇ ಇತ್ತು. ಚಿಕ್ಕತ್ತೆ ನೀರು ಕುಡಿಯಲು ನಿಲ್ಲಿಸಿದಾಗ ಅತ್ತೆ ಸೊಸೆಯ ಕಿವಿಯ ಹತ್ತಿರ ಬಗ್ಗಿದರು.

"ಆ ಕಾರ್ಡು ಕೆಡೋದೇ ಇಲ್ವಾ?"

"ಕೆಡಬಹುದು ಅತ್ತೆ."

"ಹಾಗಾದ್ರೆ ಕೆಟ್ಟಿದೆ. ಏಳು, ನಾನೂ ಬರ್ತೀನಿ. ಒಬ್ಳೇ ಹೇಗೆ ಹೋಗ್ತೀಯ!"

ಆಗಷ್ಟೇ ನಿದ್ದೆಯಿಂದ ಎದ್ದು ಬಂದ ಅವಳ ಗಂಡನನ್ನು ಚಿಕ್ಕತ್ತೆಯ ಎದುರು ಕೂರಿಸಿ ಇಬ್ಬರೂ ಚಪ್ಪಲಿ ಮೆಟ್ಟಿದರು. ಆಸ್ಪತ್ರೆಯ ತೋಟದ ಕಲ್ಲುಬೆಂಚಿನ ಮೇಲೆ ಮನಸಾರೆ ಹರಟಿದ ಮೇಲೆ ಅತ್ತೆಗೆ ಸರ್ವರ್ ನೋಡುವ ಆಸೆಯಾಯಿತು. ಗಾಜಿನ ಬಾಗಿಲಾಚೆ ಹಸಿರು ದೀಪ ಮಿನುಗಿಸುತ್ತ ನಿಂತಿದ್ದ ಆ ಹಟಮಾರಿಯನ್ನು ಅವಳು ಬೆರಳು ಮಾಡಿ ತೋರಿಸಿದಳು.

ಅತ್ತೆ ಕನ್ನಡಕ ಸರಿಮಾಡಿಕೊಂಡು ತುಂಬಾ ಹೊತ್ತು ನೋಡಿದರು.

"ನೋಡೋಕೆ ಒಳ್ಳೆ ಮನೆತನದ ಹಾಗೇ ಕಾಣತ್ತಲ್ಲೇ!"